ನೂರು ತಾಸು

ನಿಲ್ಲಿಸಿಯೇ ತಂದರು ಇಬ್ಬರು,
ಮಲಗಿಸಿದರೆ ಗಾಜು ಸೀಳುತ್ತದಂತೆ.
ವಿಕ್ರೋಲಿಯ ನಮ್ಮ ಹೋಟೆಲಿನ ಇಕ್ಕಟ್ಟು ಬಾಗಿಲಲ್ಲಿ
ಆ ಐವತ್ತು ಇಂಚು
ಮದುವೆಯ ಬೀರುವಿನ ಹಾಗೆ ಓರೆಯಾಗಿ ಒಳಬಂತು.
ದರಪಟ್ಟಿ ಇಳಿಸಿದೆವು. ಅದರ ಹಿಂದೆ ಒಂದು ಚೌಕ,
ಬಳಿದ ದಿನದ ಹಸಿರು ಹಾಗೆಯೇ ಇತ್ತು.
ಉಳಿದ ಗೋಡೆಯೆಲ್ಲ ಸಾಂಬಾರಿನ ಹಬೆ ಕುಡಿದು ಕಂದಿತ್ತು.

ಕೂರಿಸಲು ಬಂದ ಮಹಾಡಿಕ್
ಸ್ಕ್ರೂ ಬಾಯಲ್ಲಿ ಕಚ್ಚಿಕೊಂಡೇ ಹೇಳಿದ: ಶಂಭರ್ ತಾಸ್.
ಮೊದಲ ನೂರು ತಾಸು ಮ್ಯಾಚು ಬೇಡ, ನ್ಯೂಸು ಬೇಡ,
ಕದಲದೆ ನಿಂತದ್ದು ಯಾವುದೂ ಬೇಡ.
ಎಳೆಯದು, ಕಂಡದ್ದನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ.
ಪೆನ್‌ಡ್ರೈವ್ ಚುಚ್ಚಿದ. ಕೆಂಪು, ಹಸಿರು, ನೀಲಿ, ಬೂದು, ಬಿಳಿ.
ಹೊಳಪು ಅರ್ಧಕ್ಕೆ ಇಳಿಸಿ ಹೋದ.

ಧಣಿಗಳಿಗೆ ಸಿಟ್ಟು. ಒಂದೂಕಾಲು ಲಕ್ಷ ಸುರಿದು
ಬಣ್ಣ ನೋಡುವುದೆ? ಅದಕ್ಕೆ ಗೋಡೆ ಸಾಲದೆ?
ದೋಸೆಯ ಭೋಜಣ್ಣ ಮಾತ್ರ
ಸಟ್ಟುಗ ಕೆಳಗಿಡದೆ ತಲೆಯಾಡಿಸಿದ:
ಹೊಸ ಕಾವಲಿ, ಧಣಿ. ಪಳಗಿಸಬೇಕು.
ಈರುಳ್ಳಿ ಉಜ್ಜಿ, ಎಣ್ಣೆ ಕುಡಿಸಿ...
ಮೊದಲ ಹತ್ತು ದೋಸೆ ಕಾಗೆಗೆ.

ಗಲ್ಲಾಪೆಟ್ಟಿಗೆಯ ಪುಸ್ತಕದ ಕೊನೇ ಪುಟದಲ್ಲಿ ಲೆಕ್ಕ ಹಾಕಿದೆ:
ಶಟರ್ ಎಳೆಯುವುದು ಹನ್ನೊಂದೂವರೆಗೆ,
ಹಾಲು ಬರುವುದು ಐದೂವರೆಗೆ, ರಾತ್ರಿಗೆ ಆರು.
ಹದಿನಾರು ರಾತ್ರಿ, ಮೇಲೆ ನಾಲ್ಕು ತಾಸು.
ವರ್ಲ್ಡ್ ಕಪ್ಪಿಗೆ ಹತ್ತೊಂಬತ್ತು ದಿನ ಇತ್ತು.

ಮೇಜು ಜೋಡಿಸಿ ಮಲಗುವ ಹುಡುಗರ ಮೇಲೆ
ಕೆಂಪು ಬಿತ್ತು.
ಸುಧಾಕರನ ಬೆವರಿದ ಬೆನ್ನು ಹಸಿರಾಯಿತು,
ಕವುಚಿಟ್ಟ ಲೋಟಗಳು ನೀಲಿ.
ಸಣ್ಣಗೆ ಗುಂಯ್ ಅನ್ನುತ್ತಿತ್ತು,
ಮೇಲಂಚಿಗೆ ಕೈಯಿಟ್ಟರೆ ಮಗುವಿನ ಜ್ವರ.
ಮುಂದಿನ ಬಣ್ಣ ಯಾವುದೆಂದು ಬೀಡಿ ಪಂದ್ಯ ಕಟ್ಟಿದರು,
ಎರಡನೇ ರಾತ್ರಿಗೇ ಸರದಿ ಬಾಯಿಪಾಠವಾಗಿ
ಪಂದ್ಯ ನಿಂತಿತು.

ಹನ್ನೊಂದನೆಯ ರಾತ್ರಿ ಹಲ್ಲುನೋವೆಂದು ಬೇಗ ಹೊರಟಿದ್ದೆ.
ಬೆಳಿಗ್ಗೆ ಬಂದರೆ ಹಸಿರಿನ ಕೆಳ ಅಂಚಿನಲ್ಲಿ,
ಒರೆಸಿಯೂ ಹೋಗದ ಸ್ಲೇಟಿನ ಬಳಪದ ಹಾಗೆ,
ಒಂದು ಫೋನ್ ನಂಬರು.
ಕೊನೆಯ ಎರಡಂಕಿ ಏಳು, ಏಳು.

ಗಣಪ ತಾನೇ ಬಂದು ನಿಂತ, ಹೆಬ್ಬೆರಳಲ್ಲಿ ನೆಲ ಕೆರೆಯುತ್ತ.
ರುದ್ರಾಕ್ಷಿ ಮಾರುವವ ಅಣ್ಣಾ, ಕನ್ನಡದಲ್ಲಿ.
ಇಡೀ ರಾತ್ರಿ ಅದನ್ನೇ ಹೇಳ್ತಾನೆ.
ತಗೊಳ್ಳಲಿಕ್ಕಲ್ಲ.
ಅಂವ ಬನ್ನಿ, ಕೂತುಕೊಳ್ಳಿ ಅಂತಾನೆ.

ಬೈಯಲು ಬಾಯಿ ತೆರೆದೆ.
ಇಪ್ಪತ್ತೆರಡು ವರ್ಷ ಒಂದೇ ಸ್ಟೂಲು, ಎದುರಿಗೆ ಒಂದೇ ಬಾಗಿಲು,
ಅದರಾಚೆ ಅದೇ ರಿಕ್ಷಾ ಸಾಲು.
ಊರಿಗೆ ಹೋದರೆ, ರೆಪ್ಪೆ ಮುಚ್ಚಿದರೆ, ಆ ಚೌಕ ಬೆಳ್ಳಗೆ ನಿಲ್ಲುತ್ತದೆ;
ಕಡಲು ನೋಡುವಾಗಲೂ ನಟ್ಟನಡುವೆ ಒಂದು ಬಾಗಿಲು.
ನನ್ನನ್ನು ಪಳಗಿಸಿದವರು
ಬಣ್ಣಗಿಣ್ಣ ತೋರಿಸಿರಲಿಲ್ಲ.

ಮಹಾಡಿಕನಿಗೆ ಫೋನು ಮಾಡಿದೆ.
ಬಿಳಿ ಓಡಿಸು ಅಂದ, ಬರೀ ಬಿಳಿ.

ಆ ರಾತ್ರಿ ನಾನೂ ಉಳಿದೆ.
ಬೆಳಕು ಶಟರಿನ ಸಂದಿಯಿಂದ ಫುಟ್‌ಪಾತಿಗೆ ಚೆಲ್ಲಿ,
ಎರಡೂವರೆಗೆ ಯಾರೋ ತಟ್ಟಿದರು: ಖುಲಾ ಹೈ ಕ್ಯಾ?
ಗಣಪ ನನ್ನ ಮುಖ ನೋಡಿದ.
ಸೊಂಟದವರೆಗೆ ಎತ್ತಿದೆವು. ರಿಕ್ಷಾದವನು ಬಗ್ಗಿ ಬಂದು
ಖಾಲಿ ಬಿಳಿಯ ಎದುರು ನಿಂತ.
ಏನು ತೋರಿಸ್ತಿದ್ದಾರೆ ಎಂದು ಹಿಂದಿಯಲ್ಲಿ ಕೇಳಿದ.
ಚಹಾ ಸೋಸುತ್ತ ಗಣಪ
ಕನ್ನಡದಲ್ಲೇ ಅಂದ: ಕೂತುಕೊಳ್ಳಿ.
ಅವನು ಕೂತ.

ಮ್ಯಾಚಿನ ದಿನ ಕಾಲಿಡಲು ಜಾಗವಿಲ್ಲ,
ಧಣಿಗಳು ಜಿಲೇಬಿ ಹಂಚಿದರು.
ಯಾರಿಗೂ ಕಾಣಲಿಲ್ಲ. ಮೈದಾನದ ಹಸಿರಲ್ಲಿ,
ಬೌಂಡರಿಯ ಹಗ್ಗದ ಹತ್ತಿರ,
ಒಂದು ಏಳು ಉಳಿದಿದೆ.
ಚೆಂಡು ಅತ್ತ ಉರುಳಿದಾಗಲೆಲ್ಲ
ಗಣಪ ಟ್ರೇ ಹಿಡಿದು ನಿಂತಲ್ಲೇ
ನನ್ನ ಕಡೆ ನೋಡುತ್ತಾನೆ.