ಕೋಳಿಗೆ ಯಾವ ಫಾರಂ?

ಹದಿನಾಲ್ಕನೇ ಕೋಣೆ, ಪರೀಕ್ಷಾ ವಿಭಾಗ.
ಕಿಟಕಿಯಾಚೆ ಜಕರಂಡ, ಅದರಾಚೆ ಕಿಸುಮುವಿನ ತಗಡಿನ ಮಾಡುಗಳು,
ಅದರಾಚೆ ಸರೋವರ. ಇದೆಯಂತೆ.
ನನ್ನ ಕುರ್ಚಿಯಿಂದ ಕಾಣುವುದು ಬೀರುವಿನ ಬೆನ್ನು.

ಕೆಲಸಕ್ಕೆ ಸೇರಿ ಒಂಬತ್ತು ದಿನವಾದ ಜೆಬೆಟ್
ಹತ್ತೂವರೆಯ ಚಹಾಕ್ಕೆ ಮಂದಾಜಿ ಅದ್ದುತ್ತ ಕೇಳಿದಳು:
"ಪೆನಿನಾ ಅಮ್ಮ, ಈ ಕೆಲಸ ಒಳ್ಳೆಯದೋ ಕೆಟ್ಟದ್ದೋ?"

ನೋಡು ಮಗಳೇ,
ತಿಂಗಳ ಕೊನೆಗೆ ಸಂಬಳ ಬರುತ್ತದೆ,
ಒಮ್ಮೊಮ್ಮೆ ಮುಂದಿನ ತಿಂಗಳ ಕೊನೆಗೆ.
ಆಸ್ಪತ್ರೆಯ ಕಾರ್ಡಿದೆ,
ನನ್ನ ಎರಡನೆಯವನ ಮುರಿದ ಹಲ್ಲು ಅದರಲ್ಲೇ ಕಟ್ಟಿಸಿದ್ದು.
ಮೀನು ಮಾರುವ ನನ್ನಕ್ಕನ ಹಾಗೆ ಮಳೆಯಲ್ಲಿ ನೆನೆಯುವುದಿಲ್ಲ,
ಸಂಜೆಯಾದಂತೆ ನನ್ನ ಬೆಲೆ ಇಳಿಯುವುದಿಲ್ಲ.
ಏರುವುದೂ ಇಲ್ಲ, ಅದು ಬೇರೆ ಮಾತು.

ಇನ್ನು ಕೆಟ್ಟದ್ದು.
ಡಾಕ್ಟರ್ ಮಕೋಖ ಉತ್ತರಪತ್ರಿಕೆಗಳನ್ನು
ಕಾರಿನ ಡಿಕ್ಕಿಯಲ್ಲಿ ಮರೆತರೆ
ಅಂಕ ಕಳೆದುಹಾಕಿದವಳು ನಾನು.
ಘಟಿಕೋತ್ಸವದಲ್ಲಿ ಮೈಕು ಕೆಮ್ಮಿದರೂ ನಾನೇ.
ಹೆಸರು ಹಿಡಿದು ಕರೆಯುವವರಿಲ್ಲ, "ಆಫೀಸು" ಅನ್ನುತ್ತಾರೆ.
"ಆಫೀಸು ಊಟಕ್ಕೆ ಹೋಗಿದೆ" ಅನ್ನುತ್ತಾರೆ.
ಉಗಾಲಿ ಮುರಿದು ಸೊಪ್ಪಿನಲ್ಲಿ ಅದ್ದುವ ಆಫೀಸು ನಾನು.

ಮತ್ತೆ ಆ ಮೂವತ್ತೊಂಬತ್ತು.
ನಲವತ್ತಕ್ಕೆ ಪಾಸು.
ಮೂವತ್ತೊಂಬತ್ತು ಬಂದವನ ಮುಖ ನೋಡಬೇಡ.
ನೋಡಿದೆಯೋ, ಆ ಒಂದು ಅಂಕ ನಿನ್ನ ಬೆರಳ ತುದಿಗೆ ಬಂದು ಕೂತು
ತುರಿಸತೊಡಗುತ್ತದೆ.
ಕೀಲಿಮಣೆಯಲ್ಲಿ ಮೂರರ ಪಕ್ಕದ ಮನೆ ನಾಲ್ಕು,
ಒಂಬತ್ತರ ಪಕ್ಕದ್ದು ಸೊನ್ನೆ.
ಇಪ್ಪತ್ತಮೂರು ವರ್ಷದಲ್ಲಿ ಒಮ್ಮೆಯೂ ಬದಲಿಸಲಿಲ್ಲ.
ಅದನ್ನು ನೀನು ಕೇಳಿದ ಎರಡರಲ್ಲಿ
ಯಾವುದರ ಕೆಳಗೆ ಬರೆಯಬೇಕೋ, ಇನ್ನೂ ತೀರ್ಮಾನವಾಗಿಲ್ಲ.

ಕೋಳಿಯ ವಿಷಯ ಕೇಳಿದ್ದೀಯಾ?
ಎವರ್ಲೈನ್ ನಫುಲ ಅಂತ ಒಬ್ಬ ಹುಡುಗಿ,
ಎರಡು ಘಟಿಕೋತ್ಸವ ಬೇಲಿಯಾಚೆಯಿಂದ ನೋಡಿದವಳು.
ಒಂದು ವಿಷಯದ ಅಂಕವಿಲ್ಲ.
ಬರೆದಿದ್ದಾಳೆ, ಹಾಜರಿಯ ಸಹಿ ಇದೆ,
ಪತ್ರಿಕೆ ಮಾತ್ರ ನೆಲ ನುಂಗಿತೋ ನೀರು ಕುಡಿಯಿತೋ.
ಮೂಗಿಗೆ ಬಟ್ಟೆ ಕಟ್ಟಿ ಮೂರು ಶನಿವಾರ
ದಾಸ್ತಾನು ಕೋಣೆಯಲ್ಲಿ ಕೂತೆ.
ಸಿಕ್ಕಿತು, ಮಣ್ಣು ವಿಜ್ಞಾನದ ಕಟ್ಟಿನೊಳಗೆ ಅವಳ ಇತಿಹಾಸ.
ಅರವತ್ತೊಂದು.

ಮರುವಾರ ಅವಳಪ್ಪ
ಬುಂಗೊಮದಿಂದ ಎರಡು ಮಟಾಟು ಬದಲಿಸಿ ಬಂದ.
ಕಂಕುಳಲ್ಲಿ ಕೆಂಪು ಹೇಟೆ.
ಬೇಡವೆಂದೆ. ನಿಯಮ ಹೇಳಿದೆ. ಗೋಡೆಯ ಫಲಕ ತೋರಿಸಿದೆ:
ಇದು ಲಂಚಮುಕ್ತ ಜಾಗ.
ಫಲಕ ನೋಡಿದ, ನನ್ನನ್ನು ನೋಡಿದ,
"ಕೆಲಸ ಆದಮೇಲೆ ಕೊಟ್ಟರೆ ಲಂಚ ಹೇಗಾದೀತು ತಾಯಿ?" ಎಂದು
ಮೇಜಿನ ಕಾಲಿಗೆ ಕಟ್ಟಿ ನಡೆದೇಬಿಟ್ಟ.

ಆವಕದ ಪುಸ್ತಕದಲ್ಲಿ ಅದಕ್ಕೆ ಅಂಕಣವಿಲ್ಲ.
ಸಾಮಗ್ರಿ ಎಂದರೆ ದಾಸ್ತಾನಿನವನು ಒಪ್ಪಲಿಲ್ಲ,
ಸಂದರ್ಶಕಿ ಎಂದರೆ ಗೇಟಿನವನು.
ಮೇಲಿನವರಿಗೆ ಟಿಪ್ಪಣಿ ಕಳಿಸಿದೆ.
"ಚರ್ಚಿಸಿ" ಎಂಬ ಹಸಿರು ಶಾಯಿ ಹೊತ್ತು ಕೆಳಗಿಳಿಯಿತು.
ನಾವು ಚರ್ಚಿಸುವಷ್ಟರಲ್ಲಿ ಅದು
ತೊಂಬತ್ತೆಂಟನೇ ಇಸವಿಯ ಕಡತದ ಮೇಲೆ
ಒಂದು ಮೊಟ್ಟೆಯಿಟ್ಟು
ಇಡೀ ಕಾರಿಡಾರು ನಡುಗುವಂತೆ ಸಾರಿತು.
ಈ ಕಟ್ಟಡದಲ್ಲಿ
ಒಂದು ಕೆಲಸ ಮುಗಿಸಿದೆನೆಂದು
ಯಾರೂ ಹಾಗೆ ಕೂಗಿದ್ದನ್ನು ನಾನು ಕೇಳಿರಲಿಲ್ಲ.

ಏಳು, ಕಿಟಕಿ ಬಡಿಯುತ್ತಿದ್ದಾರೆ.
ಕ್ಲಿಯರೆನ್ಸ್ ಫಾರಂ ಇರಬೇಕು.
ಗ್ರಂಥಾಲಯದ ಸಹಿ ಇಲ್ಲದಿದ್ದರೆ ವಾಪಸು ಕಳಿಸು,
ಆದರೆ ಹೆಸರು ಕೇಳಿ ಕಳಿಸು.

ಏನಂದೆ, ಕೋಳಿಯೇ?
ಅದರ ಕಡತ ಇನ್ನೂ ಮುಗಿದಿಲ್ಲ.
ನಮ್ಮ ಮನೆಯಲ್ಲಿದೆ, ತಾತ್ಕಾಲಿಕವಾಗಿ,
ಆರು ವರ್ಷದಿಂದ.