ಐದು ದಿನದ ನೋಟಿಸು

ಬೋಮಾಂಟಿನ ಕೆಳಗೆ, ನೆಚೆಸ್ ನದಿಯಲ್ಲಿ
ಮೂರು ಹಡಗು, ಬೂದು ಬಣ್ಣ, ಮಗ್ಗುಲಿಗೆ ಮಗ್ಗುಲು.
ಯುದ್ಧ ಬಂದರೆ ಟ್ಯಾಂಕು ಹೊರಬೇಕಾದವು.
(ಟ್ಯಾಂಕು ಈಜುವುದಿಲ್ಲವಲ್ಲ.)
ಐದು ದಿನದಲ್ಲಿ ಹೊರಡಬೇಕು. ಕಾಗದದಲ್ಲಿ ಹಾಗಿದೆ.

ಆಳು ಹುಡುಕಿ ಕಳಿಸುವುದು ನನ್ನ ಕೆಲಸ.
ಓಡೀಲ್ ಬ್ರೂಸಾರ್, ಯೂನಿಯನ್ನಿನ ಹಿಂದಿನ ಕೋಣೆ,
ಎರಡು ಫೋನು, ಒಂದು ಫ್ಯಾನು,
ಬೂಟಿನ ಡಬ್ಬಿಯ ತುಂಬ ಹೆಸರಿನ ಚೀಟಿ.

ಮಂಗಳವಾರ ನಸುಕಿನ ನಾಲ್ಕಕ್ಕೆ ಆಜ್ಞೆ ಬಂತು.
ತಾಲೀಮೋ ನಿಜವೋ, ಅವರು ಹೇಳುವುದಿಲ್ಲ,
ನಾನು ಕೇಳುವುದಿಲ್ಲ.
ಬೇಕಾದವರು ಇಪ್ಪತ್ತೊಂಬತ್ತು.

ಕ್ಲೋವಿಸ್ ಭತ್ತ ಬೆಳೆಯುತ್ತಾನೆ ಈಗ.
ಮೊಣಕಾಲಿನ ಮೇಲೆ ನೀರು ಬೇಡ ಇನ್ನು, ಎಂದ.
ರೋಸ್ಕೋನಿಗೆ ಗ್ಯಾಸ್ ಕಂಪನಿ
ರಾತ್ರಿ ಮನೆಯಲ್ಲಿ ಮಲಗುವುದಕ್ಕೂ ಸಂಬಳ ಕೊಟ್ಟಂತೆ ಕೊಡುತ್ತದೆ.
ಟೆರೆಲ್‌ನ ಫೋನು ಎತ್ತಿದ್ದು ಮಗಳು:
ಅಪ್ಪ ಹೋಗಿ ಎರಡು ವರ್ಷ.
ನಂಬರು ತೆಗೆಸಲು ಮನಸ್ಸು ಬಂದಿಲ್ಲ.
ನಾನೂ ಚೀಟಿ ಹರಿಯಲಿಲ್ಲ,
ಡಬ್ಬಿಯ ಹಿಂದಕ್ಕೆ ಸರಿಸಿದೆ.

ಹಳೆಯ ಹಬೆಯ ಎಂಜಿನು. ಶಾಲೆಗಳಲ್ಲಿ ಈಗ ಡೀಸೆಲ್ಲು;
ಹಬೆ ಪುಸ್ತಕದಲ್ಲಿದೆ, ಕೈಯಲ್ಲಿಲ್ಲ.
ಕೈ ಇರುವುದು ಆಲ್ಸೀಡ್ ಗಿಡ್ರಿಗೆ. ಎಪ್ಪತ್ತಮೂರು,
ಕಿವಿ ಮಂದ, ವೈದ್ಯರ ಸರ್ಟಿಫಿಕೇಟು ಮುಗಿದು ಆರು ತಿಂಗಳು.
ಎಷ್ಟು ಕೊಡುತ್ತೀರಿ ಎನ್ನಲಿಲ್ಲ, ಎಲ್ಲಿಗೆ ಎನ್ನಲಿಲ್ಲ.
‘ಎಡಗಡೆ ಬಾಯ್ಲರು ಹೇಗಿದೆ?’ ಎಂದ,
ಬಿಟ್ಟುಬಂದ ಹಸುವನ್ನು ವಿಚಾರಿಸಿದ ಹಾಗೆ.

ಮೂರನೆಯ ದಿನ ಚಿಮಣಿ ಹೊಗೆ ಉಗುಳಿತು.
ನಾಲ್ಕನೆಯ ದಿನ ವಾಷಿಂಗ್ಟನ್ನಿನವನು ಬಂದ, ಬೂಟು ಹೊಳೆಯುತ್ತಿತ್ತು.
‘ಹಡಗು ಸಿದ್ಧವೇ?’
ಹಡಗು ಸಿದ್ಧ, ಎಂದೆ. ಒಂಬತ್ತು ಜನ ಕಡಿಮೆ.
ಅವನ ಫಾರಮ್ಮಿನಲ್ಲಿ ಜನಕ್ಕೆ ಬೇರೆ ಪುಟ; ಅದನ್ನು ತಂದಿರಲಿಲ್ಲ.
‘ಸಿದ್ಧ’ ಎಂದು ಬರೆದುಕೊಂಡ.

ಕೆಳಗೆ ಎಂಜಿನ್ ಕೋಣೆಯಲ್ಲಿ
ಆಲ್ಸೀಡ್ ಸ್ಪ್ಯಾನರಿನ ಒಂದು ತುದಿ ಪಂಪಿಗೆ ಹಚ್ಚಿ
ಇನ್ನೊಂದನ್ನು ತನ್ನ ದವಡೆಗೆ ಒತ್ತಿ
ಕಣ್ಣು ಮುಚ್ಚಿ ನಿಂತಿದ್ದ.
ಪಕ್ಕದಲ್ಲಿ ಬಿಕ್ ಲಾಮ್, ಹತ್ತೊಂಬತ್ತು,
ಪೋರ್ಟ್ ಆರ್ಥರಿನ ಸಿಗಡಿ ದೋಣಿಯವರ ಹುಡುಗಿ,
ನೆಲ ಒರೆಸುವ ಕೆಲಸಕ್ಕೆ ಸೇರಿದವಳು.
ಸ್ಪ್ಯಾನರು ಅವಳ ಕೈಗೆ ಕೊಟ್ಟ.

‘ಏನು ಕೇಳಿಸಿತು?’
‘ಏನೋ ಕೇಳಿಸಿತು.’
‘ಏನೋ ಅಂದರೆ ಸಾಲದು. ಹತ್ತು ವರ್ಷ ಕೇಳು.’

ಬೆರಳು ಮಡಚಿ ಏನನ್ನೋ ಎಣಿಸಿದ,
ನಡುವೆ ನಿಲ್ಲಿಸಿದ.
‘ಇನ್ನೊಮ್ಮೆ ಹಚ್ಚು,’ ಎಂದ, ‘ಇಲ್ಲಿ, ಮೂಳೆಗೆ.’