ಹದಿನೈದಾಣೆ

ನನ್ನ ಕಿಸೆಪುಸ್ತಕದ ಕೊನೆಯ ಹಾಳೆಯಲ್ಲಿ
ಕೆಲವು ಅಂಕಿಗಳಿವೆ. ಯಾರ ಬಾಕಿಯೂ ಅಲ್ಲ.
೨೫೫. ೩೨೭೬೭. ೬೫೫೩೫.
ಮೀನಾಕ್ಷಿ ಚೌಕದ ನನ್ನ ಅಂಗಡಿಗೆ ಬಂದ ಯಂತ್ರಗಳು
ಕೆಡುವ ಗಳಿಗೆಯಲ್ಲಿ ಹಲ್ಲು ಕಚ್ಚಿ ಹಿಡಿದವು.
ಬ್ಯಾಟರಿ ಸತ್ತ ಗಡಿಯಾರಗಳದ್ದೂ ಹೀಗೇ,
ಕಣ್ಣು ಬಿಟ್ಟರೆ ಅದೇ ನಸುಕು:
ಎಪ್ಪತ್ತನೇ ಇಸವಿ, ಜನವರಿ ಒಂದು, ಐದೂವರೆ.
ನಾನಿನ್ನೂ ಹುಟ್ಟಿರಲಿಲ್ಲ,
ಅವ್ವನಿಗೆ ಮದುವೆಯೂ ಆಗಿರಲಿಲ್ಲ.

ಯುಗಾದಿಗೆ ವಾರವಿದ್ದಾಗ ತಿಕೋಟಾದಿಂದ ಫೋನು.
"ಲಾಡಸಾಬ, ಹಂಗೇ ಗಾಡಿ ಹತ್ತು. ಮಾಲು ಕಳವಾಗೈತಿ."
ಕಳವಾದ್ರ ಠಾಣೆಕ್ಕ ಹೋಗ್ರಿ ಗೌಡ್ರ, ನಾ ತಕ್ಕಡಿ ರಿಪೇರಿಯವ.
"ನಿನ್ನ ಯಂತ್ರಾನ ಸಾಕ್ಷಿ ಹೇಳಾಕತ್ತೈತಿ. ಬಾ."

ಅಥಣಿ ರಸ್ತೆಯ ಎರಡೂ ಕಡೆ
ಹಸಿರು ಬಲೆಯ ನೆರಳಲ್ಲಿ ದ್ರಾಕ್ಷಿ ಸುಕ್ಕುಗಟ್ಟುತ್ತಿತ್ತು.
ಗೋದಾಮಿನ ಬಾಗಿಲಲ್ಲಿ ತಣ್ಣನೆ ಉಸಿರು, ಗಂಧಕದ ಘಾಟು,
ಮೇಲೆ ಕೆಂಪು ಅಂಕಿಯ ಫಲಕ:
ಒಂದು ಅಡ್ಡಗೆರೆ, ಆಮೇಲೆ ೩೨೭೬೮.

ನಿನ್ನೆ ಸಂಜೆ ಮೂವತ್ತೆರಡು ಸಾವಿರದ ಏಳುನೂರ ಅರವತ್ತೇಳು ಪೆಟ್ಟಿಗೆ.
ಇನ್ನೊಂದು ಒಳಗೆ ಹೋಯಿತು.
ಅಷ್ಟೇ.
ಬಾಪುಗೌಡರ ಮೀಸೆ ಅದುರುತ್ತಿತ್ತು:
"ಒಂದು ಇಟ್ಟಿದ್ದಕ್ಕ ಅಷ್ಟೂ ಹೋಗಿ, ಮ್ಯಾಲೆ ನಾನ ಸಾಲಗಾರ!
ಯಾರಿಗಿ ಕೊಡಬೇಕು ನಾ?"
ಚೀಟಿ ಬರೆಯುವ ಹುಡುಗ ದುಂಡೇಶ
ಖಾಲಿ ಪೆಟ್ಟಿಗೆಯ ಮೇಲೆ ರಾತ್ರಿಯಿಂದ ಕೂತಿದ್ದ.
ಅವನಿಗೆ ಯಾರೂ ಚಾ ಕೊಟ್ಟಿರಲಿಲ್ಲ.

ಹುಡುಗನ ಮೋರೆ ನೋಡಿ ಸ್ಕ್ರೂಡ್ರೈವರ್ ಕೆಳಗಿಟ್ಟೆ,
ಕೈ ಎತ್ತಿದೆ.

ಕಿರುಬೆರಳು ಒಂದಾಣೆ ಅನ್ರಿ. ಉಂಗುರದ್ದು ಎರಡಾಣೆ.
ನಡುವಿಂದು ನಾಕಾಣೆ, ತೋರುಬೆರಳು ಎಂಟಾಣೆ.
ನಾಕೂ ಎತ್ತಿದ್ರ ಎಷ್ಟಾತು?
"ಹದಿನೈದಾಣೆ," ಜರಡಿಯ ಕಡೆಯಿಂದ ದನಿ ಬಂತು.
ಸಾತವ್ವ. ತೊಟ್ಟು ಬಿಡಿಸುವವಳು. ತಲೆ ಎತ್ತಿರಲಿಲ್ಲ.

ರೂಪಾಯಿ ಆಗಬೇಕಂದ್ರ ನಾಕನ್ನೂ ಮಡಚಿ ಹೆಬ್ಬಟ್ಟು ಎತ್ತಬೇಕು.
ಐದೂ ಎತ್ತಿದ್ರೂ ಎರಡು ರೂಪಾಯಿಗಿ ಒಂದಾಣೆ ಕಮ್ಮಿ.
ಯಾವಾಗಲೂ ಒಂದಾಣೆ ಕಮ್ಮಿ.
ಈ ಡಬ್ಬಿಗಿ ಹದಿನಾರು ಬೆರಳು, ಗೌಡ್ರ.
ಹದಿನೈದು ಎಣಿಸಾಕ. ಹದಿನಾರನೇದು ಸಾಲದ್ದು.
ನಿನ್ನೆ ಸಂಜಿಗಿ ಹದಿನೈದೂ ಎದ್ದು ನಿಂತಿದ್ವು.
ಮುಂದಿನ ಪೆಟ್ಟಿಗಿ ಬಂದ ಕೂಡಲೇ ಅವೆಲ್ಲ ಮಡಚಿ
ಸಾಲದ ಬೆರಳು ಒಂದೇ ಎದ್ದಿತು.
ಕಳವಲ್ಲ. ಕೈ ತುಂಬೇತಿ.

ಗೌಡರು ಫಲಕ ನೋಡಿದರು, ತಮ್ಮ ಕೈ ನೋಡಿಕೊಂಡರು,
ಉಂಗುರ ತಿರುವಿದರು.
ಒಳಗೆ ಹೋಗಿ ಸಾಲು ಎಣಿಸಿ ಬಂದರು, ಅರ್ಧ ತಾಸು.
"ಚಾ ಕುಡಿಯಲೇ," ಎಂದರು ದುಂಡೇಶನಿಗೆ.
ಅವನು ಕುಡಿಯಲಿಲ್ಲ.

ಅಷ್ಟರಲ್ಲಿ ಸಾತವ್ವ ಎಡಗೈ ಎತ್ತಿ ಹಿಡಿದಿದ್ದಳು.
ಕಿರುಬೆರಳು ಇರಲಿಲ್ಲ. ಬುಡದಲ್ಲಿ ನುಣ್ಣನೆ ಗುರುತು.
"ಹಂಗಾರ ಒಂದೊಂದು ಬಿಲ್ಲೆ ಆಚೆ ಜರುಗಸಬೇಕು ನಾ,
ಉಂಗುರದ್ದಕ್ಕ ಒಂದಾಣೆ,
ಹೆಬ್ಬಟ್ಟಿಗಿ ಎಂಟಾಣೆ."
ತುಟಿಯಲ್ಲೇ ಕೂಡಿಸಿದಳು.
"ನನ್ನ ದಂಡಿ ಹದಿನೈದಕ್ಕ ಐತೋ ಯಪ್ಪಾ."
ನಕ್ಕಳು, ಮೂಗುತಿ ಅಲುಗುವಷ್ಟೇ.

ಗುಂಡಿ ಒತ್ತಿದೆ. ಫಲಕದ ಮೇಲೆ ಸೊನ್ನೆ.
ಒಳಗಿನ ಪೆಟ್ಟಿಗೆಗಳಿಗೆ ಅದು ಗೊತ್ತೇ ಆಗಲಿಲ್ಲ.

"ಮತ್ತ ಅಲ್ಲಿಗೇ ಬಂದ್ರ?" ಗೌಡರು ಕೇಳಿದರು.
ಮುಂದಿನ ಸುಗ್ಗಿಗಿ ಹೊಸ ಡಬ್ಬಿ ಹಾಕೂಣ್ರಿ,
ಮೂವತ್ತೆರಡು ಬೆರಳಿಂದು. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ತುಂಬಂಗಿಲ್ಲ.

"ಬೆರಳಿಗಿ ಎಷ್ಟು ಬೀಳತೈತಿ?"

ಜರಡಿಯ ಸದ್ದು ನಿಂತಿತು.
ಗೌಡರು ಕಿಸೆಯಿಂದ ಕನ್ನಡಕ ತೆಗೆದು ಒರೆಸುತ್ತಿದ್ದರು.
ತೊಟ್ಟು ಬಿಡಿಸುವ ಯಂತ್ರ ಮೂಲೆಯಲ್ಲಿತ್ತು,
ಗೋಣಿ ಹೊದ್ದುಕೊಂಡು.
ಕೇಳಿ ಹೇಳ್ತೀನ್ರಿ ಎಂದೆ.
ಆಮೇಲೆ ಮತ್ತೆ ಜರಡಿ,
ದ್ರಾಕ್ಷಿ ಒಂದೊಂದೇ ಬೀಳುವ ಸದ್ದು.